ಕೋಲಿನ ಗುರುತಿನ ದಾರಿ

“ಇದೇನೇ ಗುಬ್ಬಿ, ಹಸಿರು ಪ್ಯಾಂಟಿಗೆ ಕಂದು ತೇಪೆ ಹಾಕಿದ ಹಾಗಿದೆ!” ಅಣ್ಣ ಬಗ್ಗಿ ಕಂಪ್ಯೂಟರ್ ನೋಡಿ ನಕ್ಕ.

“ನಿನ್ನ ಹೋಮ್‌ವರ್ಕ್ ಮಾಡ್ಕೋ ಹೋಗು,” ಎಂದಳು ಗುಬ್ಬಿ. ಆದರೆ ಅವನು ಹೇಳಿದ್ದು ನಿಜವಾಗಿತ್ತು. ಹುಲ್ಲಿನ ನಡುವೆ ಅವಳು ಬಳಿದ ಮಣ್ಣಿನ ದಾರಿ ಅಂಟಿಸಿದ ಹಾಗಿತ್ತು.

ಅವಳು ಆಡುತ್ತಿದ್ದ ಗೇಮ್‌ನಲ್ಲಿ ಬೇಕಾದ ಜಾಗ ಕಟ್ಟಬಹುದು. ಹುಲ್ಲು, ಮಣ್ಣು, ಮರಳನ್ನು ಬ್ರಷ್‌ನಿಂದ ನೆಲಕ್ಕೆ ಬಳಿಯಬಹುದು. ಗುಬ್ಬಿ ಕಟ್ಟುತ್ತಿದ್ದುದು ಮನೆಯ ಹಿಂದಿನ ಬಯಲನ್ನು. ಹಿತ್ತಿಲ ಬಾಗಿಲಿಂದ ಮರದ ಕೆಳಗಿನ ಬೆಂಚಿನವರೆಗೆ ಅಲ್ಲೊಂದು ಕಾಲುದಾರಿ. ದಿನವೂ ಬೆಳಗಿನ ಪ್ರಾರ್ಥನೆ ಮುಗಿಸಿ ತಾತ ಕೋಲೂರಿಕೊಂಡು ಆ ದಾರಿಯಲ್ಲಿ ಹೋಗುತ್ತಿದ್ದರು. ಜೊತೆಗೆ ಅಜ್ಜಿ.

ಈಗ ತಾತ ಇಲ್ಲ. ಅಜ್ಜಿಗೆ ಮಂಡಿನೋವು, ಮೆಟ್ಟಿಲು ಇಳಿಯಲಾಗದು. ಅದಕ್ಕೇ ಗುಬ್ಬಿ ಮಾತು ಕೊಟ್ಟಿದ್ದಳು: “ಸಂಜೆ ನಿನ್ನ ಬೆಂಚಿನ ತನಕ ಕರ್ಕೊಂಡು ಹೋಗ್ತೀನಿ ಅಜ್ಜಿ. ಕುರ್ಚಿಯಿಂದ ಏಳೋದೇ ಬೇಡ!”

ಮಧ್ಯಾಹ್ನ ಅಜ್ಜಿ ಒಮ್ಮೆ ಇಣುಕಿ, “ಚೆನ್ನಾಗಿದೆ ಮರಿ. ಇದು ಯಾವ ಊರು?” ಎಂದಿದ್ದರು. ಗುಬ್ಬಿಯ ಮುಖ ಸಪ್ಪಗಾಗಿತ್ತು.

ಅವಳು ದೊಡ್ಡ ಬ್ರಷ್‌ನಿಂದ ದಾರಿಯ ಅಂಚನ್ನೆಲ್ಲ ತಿಕ್ಕಿದಳು. ನೀರು ಬಿದ್ದ ಚಿತ್ರದಂತೆ ಎಲ್ಲ ಕಲಸಿಹೋಯಿತು.

“ತೇಪೆನೇ ವಾಸಿ ಇತ್ತು,” ಎಂದ ಅಣ್ಣ.

ಗುಬ್ಬಿ ಚಪ್ಪಲಿ ಮೆಟ್ಟಿ ಹೊರಗೆ ಓಡಿದಳು. ದಾರಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದಳು. ನಡುವೆ ಮಣ್ಣು ಗಟ್ಟಿಯಾಗಿ ನುಣುಪಾಗಿತ್ತು; ಅಲ್ಲಲ್ಲಿ ಎಳೆ ಹುಲ್ಲು ಚಿಗುರಿತ್ತು. ಆಚೆಗೆ ಸಣ್ಣ ಕಲ್ಲು, ಮತ್ತೆ ತುಳಿದು ಬಾಗಿದ ಗಿಡ್ಡ ಹುಲ್ಲು, ಆಮೇಲೆ ಎತ್ತರದ ಹುಲ್ಲು. ಮಣ್ಣು ಇಲ್ಲಿಗೇ ಮುಗಿಯಿತು ಎನ್ನಲು ಗೆರೆಯೇ ಇರಲಿಲ್ಲ.

ಬಲಗಡೆ ಉದ್ದಕ್ಕೂ ಪುಟ್ಟ ಕುಳಿಗಳ ಸಾಲು. ಒಂದರಲ್ಲಿ ಬೆರಳಿಟ್ಟು ನೋಡಿದಳು.

“ಏನೇ ಹುಡುಕ್ತಿದ್ದೀಯ? ಕಿವಿ ಓಲೆ ಬಿತ್ತಾ?” ಅಣ್ಣ ಹಿಂದೆಯೇ ಬಂದಿದ್ದ.

“ತಾತನ ಕೋಲಿನ ಗುರುತು ಕಣೋ. ನೋಡಿಲ್ಲಿ.”

ಅಣ್ಣ ನಗಲಿಲ್ಲ. ಕುಳಿಗಳ ಮೇಲೆ ಕಾಲಿಡದೆ ಹುಲ್ಲಿನಲ್ಲೇ ನಡೆದು ಬೆಂಚಿನವರೆಗೂ ಹೋದ. “ಏರಿನಲ್ಲಿ ಹತ್ತಿರ ಹತ್ತಿರ ಇದೆ. ಬೆಂಚಿನ ಹತ್ತಿರ ಆಳ. ಕೂರೋಕೆ ಜೋರಾಗಿ ಊರ್ತಿದ್ರಲ್ಲ!”

ಈಗ ಗುಬ್ಬಿ ಚಿಕ್ಕ ಬ್ರಷ್ ಹಿಡಿದಳು. ಮಣ್ಣು ಬಳಿದು, ಅದರ ಅಂಚಿಗೆ ಕಲ್ಲು ಉದುರಿಸಿ, ಗಿಡ್ಡ ಹುಲ್ಲನ್ನು ತೆಳ್ಳಗೆ ಸವರಿದಳು. ಕೊನೆಗೆ ಕುಳಿಗಳು. ದಾರಿಯ ನಡುವೆ ಆಗಲೇ ಚಿಗುರಿದ್ದ ಎಳೆ ಹುಲ್ಲನ್ನು ಹಾಕಲೋ ಬೇಡವೋ ಎಂದು ತಡೆದಳು. ಆಮೇಲೆ ಅದನ್ನೂ ಹಾಕಿದಳು.

ಸಂಜೆ ಅಜ್ಜಿ ಕನ್ನಡಕ ಏರಿಸಿದರು. ಯಾವ ಊರೆಂದು ಕೇಳಲಿಲ್ಲ. ಪರದೆಯ ಮೇಲಿನ ಮೊದಲ ಕುಳಿಗೆ ಬೆರಳಿಟ್ಟರು.

“ದಾರೀಲಿ ಹುಲ್ಲು ಬಂದಿದೆಯೇನೇ?”

“ಹೂಂ ಅಜ್ಜಿ. ಸ್ವಲ್ಪ.”

“ಬರಲಿ,” ಎಂದರು ಅಜ್ಜಿ, ಮೆಲ್ಲಗೆ. “ದೇವರ ನೆಲ ಅಲ್ವೇ.”

ಗುಬ್ಬಿ ಕೀ ಒತ್ತಿದಳು. ಗೇಮ್‌ನ ಹುಡುಗಿ ಓಡತೊಡಗಿದಳು. ಕುಳಿಯಿಂದ ಕುಳಿಗೆ ಸರಿಯುತ್ತಿದ್ದ ಅಜ್ಜಿಯ ಬೆರಳು ಹಿಂದೆ ಉಳಿಯಿತು. ಗುಬ್ಬಿ ಓಟ ಬಿಡಿಸಿ ನಡಿಗೆ ಹಾಕಿದಳು. ಅದೂ ಬೇಗವೇ ಆಯಿತು. ಆಮೇಲೆ ಕೀ ಒತ್ತುವುದು, ಬಿಡುವುದು. ಅಜ್ಜಿಯ ಬೆರಳು ಮುಂದಿನ ಕುಳಿಗೆ ಬಂದ ಮೇಲೆ ಮತ್ತೆ ಒತ್ತುವುದು.

“ಏರು ಬಂತು,” ಎಂದರು ಅಜ್ಜಿ.

ಬೆಂಚಿನ ಬಳಿ, ಆಳದ ಕುಳಿಯಲ್ಲಿ, ಬೆರಳು ನಿಂತಿತು. ಗುಬ್ಬಿ ಕೀ ಬಿಟ್ಟು ಅಜ್ಜಿಯ ತೋಳಿಗೆ ಒರಗಿದಳು. ಆಚೆಗೂ ಬಯಲಿತ್ತು, ಅವಳೇ ಕಟ್ಟಿದ್ದು. ಅಲ್ಲಿಗೆ ಹೋಗುವ ಅವಸರ ಅವಳಿಗೂ ಇರಲಿಲ್ಲ.