ಗುಬ್ಬಿಯಿಂದ ಬಂದ ದಮ್ಮಿಲ್ಲದ ಗಾಡಿ

"ದಮ್ಮೇ ಇಲ್ಲ!"

ಕಾರಿನ ಬಾಗಿಲು ತೆಗೆದು ಒಂದು ಕಾಲು ನೆಲಕ್ಕಿಟ್ಟಿದ್ದ ಸಂಗಮೇಶ್ ಹಾಗೇ ನಿಂತುಬಿಟ್ಟ.

ಎದುರಿಗೆ ಹಳೇ ಟೈರಿನ ಮೇಲೆ ಒಬ್ಬ ಹುಡುಗಿ ಕುಳಿತಿದ್ದಳು. ಕೈಯಲ್ಲಿ ಎಣ್ಣೆ ಬಟ್ಟೆ, ಕೆನ್ನೆಯ ಮೇಲೆ ಗ್ರೀಸಿನ ಗೆರೆ. ನೇರ ಅವನ ಕಡೆಗೇ ನೋಡುತ್ತಿದ್ದಳು!

"ಯಾರಿಗ್ರೀ ದಮ್ಮಿಲ್ಲ? ಮುಖ ನೋಡಿದ ತಕ್ಷಣ ಹಂಗಂದ್ಬಿಡೋದಾ?"

ಗಂಗಾಂಬಿಕೆಯ ಮುಖ ಕೆಂಪಾಯಿತು. ಅಯ್ಯೋ ಶಿವನೇ... ಮನಸ್ಸಿನಲ್ಲಿ ಅಂದುಕೊಂಡದ್ದು ಬಾಯಿಗೆ ಬಂದುಬಿಟ್ಟಿತೇ!

"ನಿಮಗಲ್ಲ... ಗಾಡಿಗೆ... ಏರು ಹತ್ತಿದ ಸದ್ದು ಕೇಳಿ..." ಅಂದವಳೇ ಎಣ್ಣೆ ಬಟ್ಟೆಯನ್ನು ಹಿಂಡತೊಡಗಿದಳು.

ಒಳಗಿಂದ ಮಹಾಲಿಂಗಯ್ಯ ನಗುತ್ತಾ ಬಂದರು. ಉಪ್ಪಾರಹಳ್ಳಿಯ ಆ ಗ್ಯಾರೇಜು ಅವರದು. ಗಂಗಾಂಬಿಕೆಗೆ ಅವರು ಸೋದರಮಾವ.

"ತಪ್ಪು ತಿಳ್ಕೋಬೇಡಿ ಸ್ವಾಮಿ. ನಮ್ಮ ಗಂಗೂ ದಿನಕ್ಕೆ ಹತ್ತು ಮಾತಾಡಿದ್ರೆ ಹೆಚ್ಚು. ಅದ್ರಲ್ಲಿ ಒಂಬತ್ತು ಗಾಡಿಗಳ ಬಗ್ಗೆ."

"ಹಂಗಾದ್ರೆ ಸರಿಯಾಗೇ ಹೇಳವ್ರೆ ಬಿಡಿ," ಸಂಗಮೇಶ್ ಸೋತವನಂತೆ ಬಾನೆಟ್ಟಿಗೆ ಒರಗಿದ. "ನಮ್ದು ಗುಬ್ಬೀಲಿ ಡ್ರಿಪ್ ಪೈಪಿನ ಅಂಗಡಿ. ವಾರಕ್ಕೆ ಮೂರು ದಿನ ಕುಣಿಗಲ್ ಕಡೆ ತೋಟಗಳಿಗೆ ಪೈಪು ಹಾಕ್ಸೋಕೆ ಹೋಗ್ತೀನಿ. ಮೊನ್ನೆ ಕುಣಿಗಲ್ ರೋಡಲ್ಲಿ ತೆಂಗಿನಕಾಯಿ ತುಂಬಿದ ಲಗೇಜ್ ಆಟೋ ನನ್ನ ಓವರ್‌ಟೇಕ್ ಮಾಡ್ತು ಸಾರ್! ಡ್ರೈವರು ಟಾಟಾ ಬೇರೆ ಮಾಡ್ದ!"

ಗಂಗಾಂಬಿಕೆಗೆ ನಗು ತಡೆಯಲಾಗಲಿಲ್ಲ. ಬೇರೆ ಕಡೆ ತಿರುಗಿದಳು.

ಅವನು ಅದನ್ನು ನೋಡಿಬಿಟ್ಟ.

"ನಮ್ಮೂರಲ್ಲಿ ತೋರಿಸ್ದೆ. ಕಂಪ್ಯೂಟರ್ ಹಾಕಿ, ಗಾಳಿ ಒತ್ತಡ ಕಮ್ಮಿ ತೋರಿಸ್ತಿದೆ, ಟರ್ಬೋ ಹೋಗಿದೆ, ಪೂರ್ತಿ ಬದಲಾಯಿಸ್ಬೇಕು ಅಂದ್ರು."

ಟರ್ಬೋ ಅಂದರೆ ಇಂಜಿನ್ನಿಗೆ ಗಾಳಿ ತುಂಬುವ ಚಕ್ರ. ಅದು ತುಂಬಿದಷ್ಟು ಗಾಳಿ ಒಳಗೆ ಹೋದರೆ ಮಾತ್ರ ಡೀಸೆಲ್ ಗಾಡಿಗೆ ದಮ್ಮು.

ಕಂಪ್ಯೂಟರ್ ಒತ್ತಡ ಕಮ್ಮಿ ಅಂತ ಹೇಳುತ್ತೆ... ಯಾಕೆ ಕಮ್ಮಿ ಅಂತ ಹೇಳಲ್ಲವಲ್ಲ! ಗಂಗಾಂಬಿಕೆ ಅಂದುಕೊಂಡಳು.

ಅಮ್ಮನಿಗೆ ಹುಷಾರಿಲ್ಲದೆ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ಮಾವನಿಗೆ ಬುತ್ತಿ ತಂದುಕೊಟ್ಟು, ಅಲ್ಲೇ ಕುಳಿತು ನೋಡುತ್ತಾ ನೋಡುತ್ತಾ ಕೆಲಸ ಕಲಿತಿದ್ದಳು. ಸ್ಪ್ಯಾನರ್ ಕೈಗೆ ಬಂದು ಈಗ ಒಂದು ವರ್ಷ. ಗ್ಯಾರೇಜಿನಲ್ಲಿ ಮಾವನದು ಒಂದೇ ಕಾನೂನು. ಒಂದೇ ಕಂಪ್ಲೇಂಟಿಗೆ ಗಾಡಿ ಎರಡು ಸಲ ವಾಪಸ್ ಬಂದರೆ, ಕೆಲಸ ಮಾಡಿದವರು ಸ್ಪ್ಯಾನರ್ ಕೆಳಗಿಡಬೇಕು.

ಗಾಡಿ ಓಡಿಸಿ ನೋಡಲು ಮೂವರೂ ಊರ್ಡಿಗೆರೆ ರಸ್ತೆಯ ಏರಿನ ಕಡೆ ಹೊರಟರು. ಮಾವ ಗಾಡಿ ಓಡಿಸಿದರು. ಹಿಂದಿನ ಸೀಟಿನಲ್ಲಿ ಗಂಗಾಂಬಿಕೆ ಕಣ್ಣು ಮುಚ್ಚಿ ಕುಳಿತಳು.

"ನಿದ್ದೆ ಬಂತಾ ಇವ್ರಿಗೆ?" ಸಂಗಮೇಶ್ ಪಿಸುಗುಟ್ಟಿದ.

"ಶ್! ಕೇಳಿಸ್ಕೋತಾವ್ಳೆ."

ಏರಿನಲ್ಲಿ ಮೂರನೇ ಗೇರು. ಆಕ್ಸಿಲರೇಟರ್ ಒತ್ತಿದ ಕೂಡಲೇ ಎಲ್ಲೋ ಸುಯ್ಯ್... ಎಂಬ ಸದ್ದು. ಕನ್ನಡಿಯಲ್ಲಿ ಕಪ್ಪು ಹೊಗೆ. ಗಾಡಿ ಮುಗ್ಗರಿಸಿತು.

ಅವಳು ಕಣ್ಣು ಬಿಟ್ಟಳು. "ಮಾವ, ಟರ್ಬೋ ಚೆನ್ನಾಗೈತೆ. ಗಾಳಿ ತುಂಬ್ತೈತೆ, ಆದ್ರೆ ದಾರೀಲಿ ಎಲ್ಲೋ ಸೋರ್ತೈತೆ."

ಗ್ಯಾರೇಜಿಗೆ ಬಂದವಳೇ ಟರ್ಬೋದಿಂದ ಹೊರಡುವ ದಪ್ಪ ರಬ್ಬರ್ ಪೈಪಿನ ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಮೆಲ್ಲಗೆ ಗಾಳಿ ಬಿಟ್ಟು, ಮೇಲೆಲ್ಲ ಸೋಪಿನ ನೀರು ಹಚ್ಚಿದಳು. ಪೈಪಿನ ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಬುಳುಬುಳು ಗುಳ್ಳೆ ಎದ್ದಿತು! ಬೆರಳುದ್ದದ ಸೀಳು. ನಿಂತಾಗ ಮುಚ್ಚಿಕೊಂಡು, ಏರಿನಲ್ಲಿ ಗಾಳಿ ಜೋರಾದಾಗ ಮಾತ್ರ ಬಾಯಿ ಬಿಡುವಂಥದ್ದು.

"ಇಷ್ಟೇನಾ?" ಸಂಗಮೇಶ್ ಬಾಯಿ ತೆರೆದುಕೊಂಡು ನಿಂತ. ಅವನು ನೋಡುತ್ತಿದ್ದದ್ದು ಪೈಪನ್ನಲ್ಲ... ಗುಳ್ಳೆ ಕಂಡ ಖುಷಿಗೆ ಅರಳಿದ ಅವಳ ಮುಖವನ್ನು!

ಹೊಸ ಪೈಪು ಹಾಕಿ, ಅದರ ಬಾಯಿಗೆ ಸ್ಕ್ರೂ ತಿರುಗಿಸಿ ಬಿಗಿಯುವ ಹೊಸ ಕ್ಲಿಪ್ಪು ಹಾಕಿದಳು. ಗಾಡಿ ಹುಲಿಯಂತೆ ಹೋಯಿತು.

ಎಂಟನೇ ದಿನಕ್ಕೆ ಬೆಕ್ಕಿನಂತೆ ವಾಪಸ್ ಬಂತು.

"ಮತ್ತೆ ದಮ್ಮಿಲ್ಲ ಕಣ್ರೀ," ಸಂಗಮೇಶ್ ತಲೆ ಕೆರೆದುಕೊಂಡ. ಮುಖದಲ್ಲಿ ಮಾತ್ರ ಬೇಜಾರಿನ ಸುಳಿವೇ ಇರಲಿಲ್ಲ. ಕೈಯಲ್ಲಿ ಒಂದು ಪೊಟ್ಟಣ ಬಿಸಿ ಬೋಂಡ ಬೇರೆ.

ಕ್ಲಿಪ್ಪು ಸಡಿಲವಾಗಿತ್ತು. ಗಂಗಾಂಬಿಕೆಯ ಎದೆ ಧಸಕ್ಕೆಂದಿತು. ನಾನು ಬಿಗಿ ಮಾಡಲಿಲ್ಲವೇ? ಮಾಡಿದ್ದೆನಲ್ಲ...

"ಒಂದ್ಸಲ ಆಗುತ್ತೆ ಬುಡು," ಅಂದರು ಮಾವ. ಆ ದನಿ ಎಂದಿನಂತಿರಲಿಲ್ಲ.

ಈ ಸಲ ಬಿಗಿ ಮಾಡಿದ ಮೇಲೆ ಅವಳು ತನ್ನ ಚೀಲದಿಂದ ಪುಟ್ಟ ಶೀಶೆ ತೆಗೆದಳು. ಕೆಂಪು ಉಗುರು ಬಣ್ಣ. ಗ್ರೀಸು ಮೆತ್ತುವ ಬೆರಳಿಗೆ ಹಚ್ಚಿಕೊಳ್ಳುವುದು ಭಾನುವಾರ ಮಾತ್ರ. ಕ್ಲಿಪ್ಪಿನ ಸ್ಕ್ರೂ ತಲೆಯಿಂದ ಅದರ ಪಟ್ಟಿಯವರೆಗೆ ಒಂದೇ ಎಳೆ ಗೆರೆ ಎಳೆದಳು. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಯಾರಿಗೂ ಹೇಳಲಿಲ್ಲ.

ಆ ವಾರ ಅವಳಿಗೆ ಊಟ ಸೇರಲಿಲ್ಲ. ಅವನದರಂಥ ಗಾಡಿ ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು. ಅವನು ಬರದಿರಲಿ ದೇವರೇ... ಎನ್ನುತ್ತಿದ್ದಳು. ಆದರೆ ಬಾರದ ಸಂಜೆಗಳಲ್ಲಿ ಗ್ಯಾರೇಜು ಯಾಕೋ ಖಾಲಿ ಖಾಲಿ ಅನ್ನಿಸುತ್ತಿತ್ತು!

ಶನಿವಾರ ಬಂದೇಬಿಟ್ಟ.

"ಅದೇ ಕಂಪ್ಲೇಂಟು..."

"ಏನಪ್ಪಾ, ಗುಬ್ಬಿ ಪದೇ ಪದೇ ನಮ್ಮ ಗೂಡಿಗೇ ಬರ್ತೈತಲ್ಲ!" ಮಹಾಲಿಂಗಯ್ಯ ನಗಿಸಲು ನೋಡಿದರು, ತಾವೇ ನಗಲಿಲ್ಲ. "ಗಂಗೂ, ಸ್ಪ್ಯಾನರ್ ಇತ್ಲಾಗ್ ಕೊಡವ್ವ. ಕಾನೂನು ಅಂದ್ರೆ ಕಾನೂನು. ನೀನು ಇನ್ನೊಂದಷ್ಟು ದಿನ ಗಾಡಿ ತೊಳಿ, ನೋಡಾಣ."

ಅವಳು ಕೊಟ್ಟಳು. ಕಣ್ಣು ತುಂಬಿತು.

ಸಂಗಮೇಶನ ಮುಖ ಬಿಳಿಚಿತು. "ಸಾರ್... ಯಾಕೆ? ಏನಾಯ್ತು?"

ಮಾವ ಬಾನೆಟ್ ಎತ್ತಿದರು. ಪಕ್ಕಕ್ಕೆ ಸರಿದು ನಿಂತಿದ್ದ ಗಂಗಾಂಬಿಕೆಯ ಕಣ್ಣು ಹೋದದ್ದು ಒಂದೇ ಕಡೆ. ಸ್ಕ್ರೂ ಮೇಲಿನ ಕೆಂಪು ಒಂದು ದಿಕ್ಕಿಗೆ, ಪಟ್ಟಿಯ ಮೇಲಿನದು ಇನ್ನೊಂದು ದಿಕ್ಕಿಗೆ...

"ಮಾವ, ಒಂದ್ನಿಮಿಷ!"

ಅಷ್ಟು ಜೋರು ದನಿ ಅವಳದೇ ಎಂದು ಅವಳಿಗೇ ನಂಬಲಾಗಲಿಲ್ಲ.

"ಇದೇನೇ ಕೆಂಪಗೆ?"

"ಉಗುರು ಬಣ್ಣ. ನಾನೇ ಗುರುತು ಹಾಕಿದ್ದೆ. ಅಲುಗಾಡಿ ಸಡಿಲ ಆಗಿದ್ರೆ ಒಂಚೂರು ಸರೀತಿತ್ತು. ಇದು ಅರ್ಧ ಸುತ್ತು ಹಿಂದಕ್ಕೆ ತಿರುಗೈತೆ. ಯಾರೋ ಸ್ಕ್ರೂಡ್ರೈವರ್ ಹಾಕವ್ರೆ ಮಾವ."

ಇಬ್ಬರ ಕಣ್ಣೂ ಸಂಗಮೇಶನ ಜೇಬಿನ ಕಡೆ ತಿರುಗಿದವು. ಪೆನ್ನಿನ ಪಕ್ಕದಲ್ಲಿ ಪುಟ್ಟ ಸ್ಕ್ರೂಡ್ರೈವರ್ ಇಣುಕುತ್ತಿತ್ತು!

"ನಾನೇ," ಎಂದ ಅವನು. "ಎರಡು ಸಲನೂ ನಾನೇ ಸಾರ್. ಅವ್ರ ಕೆಲಸ ಸರಿಯಾಗಿತ್ತು."

"ಯಾಕಪ್ಪಾ? ತಲೆ ಕೆಟ್ಟಿತ್ತಾ?"

"ಇಲ್ಲಿಗೆ ಬರೋಕೆ ನನಗೆ ಬೇರೆ ನೆಪ ಇರ್ಲಿಲ್ಲ ಸಾರ್... ಇವ್ರನ್ನ ನೋಡೋಕೆ."

ಮಹಾಲಿಂಗಯ್ಯ ಸ್ಪ್ಯಾನರನ್ನೂ ಅವನನ್ನೂ ನೋಡಿದರು. ಯಾವುದನ್ನು ಎಸೆಯಬೇಕು ಎಂದು ತಿಳಿಯದವರಂತೆ.

ಗಂಗಾಂಬಿಕೆಯ ಎದೆಯಲ್ಲಿ ಏನೋ ಅರಳಿತು. ಮರುಕ್ಷಣವೇ ಬೆಂಕಿ ಹತ್ತಿತು.

"ತೋಟದ ಪೈಪಿಗೆ ದಿನಾ ನೂರು ಕ್ಲಿಪ್ಪು ಬಿಗಿ ಮಾಡೋರು ನೀವು. ನಿಮಗೆ ಇದು ಬರೀ ಒಂದು ಸ್ಕ್ರೂ," ಅಂದಳು. "ನನ್ನ ಹತ್ರ ತೋರ್ಸೋಕೆ ಸರ್ಟಿಫಿಕೇಟಿಲ್ಲ. ನಾನು ಮುಟ್ಟಿದ ಗಾಡಿ ವಾಪಸ್ ಬರಲ್ಲ ಅನ್ನೋದೊಂದೇ ನನ್ನ ಸರ್ಟಿಫಿಕೇಟು. ನೀವು ಸಡಿಲ ಮಾಡಿದ್ದು ಅದನ್ನ."

ಅವನು ತಲೆ ತಗ್ಗಿಸಿದ.

ಅವಳು ಮಾವನ ಕೈಯಿಂದ ಸ್ಪ್ಯಾನರ್ ತೆಗೆದು ಬದಿಗಿಟ್ಟು, ಸ್ಕ್ರೂಡ್ರೈವರಿನಿಂದ ಕ್ಲಿಪ್ಪು ಬಿಗಿ ಮಾಡಿ, ಹೊಸ ಗೆರೆ ಎಳೆದಳು. "ಇನ್ನು ಬರ್ಬೇಡಿ," ಅಂದಳು.

ಅವನು ಬರಲಿಲ್ಲ.

ಒಂದು ವಾರ. ಎರಡು ವಾರ. ನಾನೇ ಅಲ್ಲವೇ ಬರಬೇಡಿ ಅಂದದ್ದು... ಮತ್ತೆ ಯಾಕೆ ಹೀಗೆ ರಸ್ತೆ ನೋಡುತ್ತೀನಿ?

ಮೂರನೇ ವಾರ ಕುಣಿಗಲ್ಲಿನಿಂದ ರೈತರೊಬ್ಬರು ಜೀಪು ತಂದರು. "ಮೇಡಂ ಯಾರ್ರವ್ವ ಇಲ್ಲಿ? ಪೈಪಿನ ಸಂಗಮೇಶಪ್ಪ ಹೇಳವ್ರೆ, ಕಣ್ಮುಚ್ಕೊಂಡು ಕಾಯಿಲೆ ಹೇಳ್ತಾರಂತೆ. ಅವ್ರು ಮುಟ್ಟಿದ ಗಾಡಿ ವಾಪಸ್ ಬರಲ್ಲ, ಬಂದ್ರೆ ತಪ್ಪು ಗಾಡಿಯವಂದು, ಅಂದ್ರು."

ಮಾರನೆಯ ದಿನ ಇನ್ನೊಬ್ಬರು. ಆಮೇಲೆ ಗುಬ್ಬಿಯಿಂದ ಇಬ್ಬರು. ಎಲ್ಲರ ಬಾಯಲ್ಲೂ ಅದೇ ಮಾತು.

"ಊರೆಲ್ಲ ತಪ್ಪೊಪ್ಕೊಂಡು ತಿರುಗ್ತಾವ್ನಲ್ಲೇ!" ಮಾವ ನಗು ಮುಚ್ಚಿಕೊಂಡು ಟೀ ಕುಡಿಯಲು ಹೊರಟರು.

ಆಗಲೇ ಗ್ಯಾರೇಜಿನ ಏರು ಹತ್ತಿ ಯಾರೋ ನಡೆದು ಬಂದರು. ಬೆವರಿನಲ್ಲಿ ಶರ್ಟು ಒದ್ದೆ, ಏದುಸಿರು.

ಸಂಗಮೇಶ್!

ಅವಳ ಕಣ್ಣು ಅವನ ಹಿಂದೆ ಹುಡುಕಿತು. "ಗಾಡಿ ಎಲ್ಲಿ?"

"ಮನೇಲೈತೆ. ಬಸ್ಸಲ್ಲಿ ಬಂದೆ. ನೀವು ಎಳೆದ ಗೆರೆ ಹಂಗೇ ಐತೆ, ಗಾಡಿಗೆ ಯಾವ ತೊಂದ್ರೇನೂ ಇಲ್ಲ." ಅವನು ಉಸಿರು ಎಳೆದುಕೊಂಡ. "ಅದಕ್ಕೇ ಗಾಡಿ ಬಿಟ್ಟು ಬಂದೆ. ಇವತ್ತು ನೆಪ ಇಲ್ಲ ನನ್ನ ಹತ್ರ."

ಗಂಗಾಂಬಿಕೆ ನೆಲ ನೋಡಿದಳು. ಎದೆಯ ಸದ್ದು ಅವನಿಗೆ ಕೇಳಿಸುತ್ತಿರಬಹುದೇ?

"ಮತ್ತೆ... ಏನು ಕಂಪ್ಲೇಂಟು?"

"ನೀವು ಮೊದಲ್ನೇ ದಿನವೇ ಹೇಳಿದ್ರಲ್ಲ, ದಮ್ಮಿಲ್ಲ ಅಂತ. ಗಾಡಿಗಲ್ಲ, ನನಗೇ ಇರ್ಲಿಲ್ಲ. ಬಾಯ್ಬಿಟ್ಟು ಹೇಳೋ ಬದ್ಲು ಸ್ಕ್ರೂ ತಿರುಗಿಸ್ತಿದ್ದೆ. ತಪ್ಪಾಯ್ತು." ಅವಳ ಕಡೆ ನೋಡಿ ಅಂದ, "ನನಗೆ ನೀವಂದ್ರೆ ಇಷ್ಟ, ಗಂಗಾ. ನೀವು ಹೂಂ ಅಂದ್ರೆ ಅಮ್ಮನ್ನ ಕರ್ಕೊಂಡು ಬರ್ತೀನಿ. ಊಹೂಂ ಅಂದ್ರೆ ಮೂರು ಗಂಟೆ ಬಸ್ಸಿದೆ."

ಅವಳು ಚೀಲದಿಂದ ಶೀಶೆ ತೆಗೆದಳು.

"ಕೈ ಕೊಡಿ."

ಅವನ ಹೆಬ್ಬೆರಳಿನ ಪಕ್ಕಕ್ಕೆ ತನ್ನ ಹೆಬ್ಬೆರಳು ಒತ್ತಿಟ್ಟಳು. ಅವನ ಉಗುರಿನಿಂದ ತನ್ನ ಉಗುರಿನವರೆಗೆ, ನೇರವಾಗಿ ಒಂದೇ ಕೆಂಪು ಗೆರೆ ಎಳೆದಳು.

"ಒಣಗೋವರೆಗೂ ಅಲುಗಾಡ್ಬೇಡಿ."

"ಎಷ್ಟೊತ್ತು ಬೇಕು?"

"ಮೂರು ಗಂಟೆ ಬಸ್ಸು ಹೋಗೋವಷ್ಟು," ಅಂದಳು ಗಂಗಾಂಬಿಕೆ.