ಆಲೆಮನೆಯಲ್ಲೊಂದು ಗೂಟ

2025ರ ಫೆಬ್ರವರಿ 12, ಮಧ್ಯಾಹ್ನ 3.40. ಆತಗೂರು ಕಡೆಯ ಮಂಗಳಮ್ಮ ಠಾಣೆಗೆ ಬಂದಾಗ ಸೆರಗಿಗೆ ಇನ್ನೂ ಹೊಗೆ ವಾಸನೆ ಅಂಟಿತ್ತು.

“ಎಲ್ರೂ ಮದ್ವೆ ಊಟಕ್ಕೆ ಓಗಿದ್ದೊ ಕಣಮ್ಮ. ಬರೋ ಒತ್ಗೆ ನನ್ನ ಆಲೆಮನೆ ಬೂದಿ.”

ಬೆಲ್ಲ ಕಾಯಿಸುವ ಆ ಮನೆಯೇ ಅವರ ಜೀವನ. ಪಿಎಸ್‌ಐ ಸೌಮ್ಯ ಎಫ್‌ಐಆರ್ ದಾಖಲಿಸಿ, 5.15ಕ್ಕೆ ಸ್ಥಳ ಪಂಚನಾಮೆ ನಡೆಸಿದರು. ಚಾವಣಿ, ಕಬ್ಬಿನ ಸಿಪ್ಪೆಯ ರಾಶಿ, ಎಲ್ಲ ಸುಟ್ಟಿತ್ತು. ಗಾಣದ ಮೋಟರ್ ಮಾತ್ರ ಇರಲಿಲ್ಲ. ಬಿಚ್ಚಿದ ನಾಲ್ಕು ಬೋಲ್ಟುಗಳನ್ನು ಯಾರೋ ಸಾಲಾಗಿ ಜೋಡಿಸಿಟ್ಟಿದ್ದರು. ಕಳ್ಳ ಇಷ್ಟು ಅಚ್ಚುಕಟ್ಟಾಗಿರುತ್ತಾನೆಯೇ? ಆ ಸಾಲು ಸೌಮ್ಯರನ್ನು ಕೂರಲು ಬಿಡಲಿಲ್ಲ.

ಹಿಂದಿನ ಸಂಜೆ ಹೆಡ್ ಕಾನ್‌ಸ್ಟೆಬಲ್ ಬರೆದುಕೊಂಡಿದ್ದ ಹೇಳಿಕೆಗಳನ್ನು ಮರುದಿನ ಬೆಳಗ್ಗೆ ಮತ್ತೆ ಮತ್ತೆ ತಿರುವಿದರು. ಹನಕೆರೆಯ ಸ್ವರೂಪ್, ಬಿ.ಕಾಂ., ಆರು ವರ್ಷದಿಂದ ಆಲೆಮನೆ ನೋಡಿಕೊಳ್ಳುತ್ತಿದ್ದವನು. ಅವನ ಹಾಳೆಯಲ್ಲಿತ್ತು: ‘ಸದರಿ ಆಲೆಮನೆಯಲ್ಲಿ ನನ್ನದೂ ಒಂದು ಗೂಟ ಇರುತ್ತದೆ.’

“ಮರಿಸಿದ್ದಯ್ಯ, ಇದೇನ್ರೀ ಗೂಟ? ಎಮ್ಮೆ ಕಟ್ಟಿದ್ನಾ?”

ಹೆಡ್ ಕಾನ್‌ಸ್ಟೆಬಲ್ ತಲೆ ಕೆರೆದುಕೊಂಡರು. “ಇಂಗ್ಲೀಸಲ್ಲಿ ‘ಐ ಹ್ಯಾವ್ ಎ ಸ್ಟೇಕ್ ಇನ್ ಇಟ್’ ಅಂದ ಮೇಡಂ. ಮೊಬೈಲಲ್ಲಿ ನೋಡ್ದೆ, ಗೂಟ ಅಂತ ಬಂತು. ಬರ್ದೆ. ಓದ್ದೇನೇ ರುಜು ಆಕ್ಬುಟ್ಟ.”

ಸೌಮ್ಯರಿಗೆ ಬಂದ ನಗು ಅರ್ಧದಲ್ಲೇ ನಿಂತಿತು. ಗೂಟವಲ್ಲ, ಪಾಲು. ದಾಖಲೆಯಲ್ಲಿ ಮಂಗಳಮ್ಮ ಒಬ್ಬರೇ ಒಡತಿ. ತಕ್ಷಣ ಅವರಿಗೆ ಫೋನ್ ಮಾಡಿದರು.

“ಸ್ವರೂಪನಿಗೆ ಪಾಲಿತ್ತೇನಮ್ಮ?”

“ಅವ್ನಿಗೆಂತ ಪಾಲು? ಸಂಬ್ಳದೋನು. ಇದ್ರಲ್ಲಿ ನಿಂದೂ ಐತೆ ಕಣಪ್ಪ ಅಂತ ಬಾಯ್ಮಾತ್ಗೆ ಅಂದಿದ್ದೆ. ಓದ್ವಾರ, ಯುಗಾದಿಯಿಂದ ಬೇರೇರ್ಗೆ ಗುತ್ತಿಗೆ ಕೊಡ್ತೀನಿ ಅಂದೆ.”

“ಮೋಟರ್ ಯಾರು ತಂದಿದ್ದು?”

“ಅವ್ನೇಯ. ಅವನ್ ದುಡ್ಡಲ್ಲೇ.”

11.20ಕ್ಕೆ ಹನಕೆರೆ. ಸ್ವರೂಪನ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದ ಮೋಟರ್ ಸಿಕ್ಕಿತು. ಅವನು ಓಡಲಿಲ್ಲ.

“ಇದನ್ಯಾಕೆ ತಂದೆ?”

“ನಂದು.”

“ಮಿಕ್ಕಿದ್ದನ್ನ ಯಾಕೆ ಸುಟ್ಟೆ?”

“ಅದೂ ನಂದೇ ಅನ್ಕೊಂಡಿದ್ದೆ.”

11.50ಕ್ಕೆ ದಸ್ತಗಿರಿ. ಜೀಪಿನಲ್ಲಿ ಸೌಮ್ಯ ಕೇಳಿದರು: “ಕನ್ನಡದಲ್ಲೇ ಪಾಲು ಅನ್ನಬಹುದಿತ್ತಲ್ಲ?”

“ಪಾಲು ಅಂದ್ರೆ, ನೀನ್ ಯಾರ್ ಮಗನ್ಲಾ ಅಂತಾರೆ ಮೇಡಂ. ಇಂಗ್ಲೀಸಲ್ಲಿ ಅಂದ್ರೆ ಯಾರೂ ಕೇಳಕಿಲ್ಲ.”

ಕೇಸ್ ಡೈರಿಯಲ್ಲಿ ಕಾರಣ ಬರೆಯುವ ಜಾಗಕ್ಕೆ ಬಂದಾಗ ಸೌಮ್ಯ ಎರಡು ಸಲ ಬರೆದು ಹೊಡೆದು ಹಾಕಿ, ಕೊನೆಗೆ ಬರೆದರು: ‘ಆರೋಪಿಯು ಒಂದು ಬಾಯಿಮಾತನ್ನು ನಂಬಿ ಆರು ವರ್ಷ ದುಡಿದಿರುತ್ತಾನೆ.’