ಹಸಿರು ಹೂವು, ಕೆಂಪು ಎಲೆ

"ಇಪ್ಪತ್ತೊಂಬತ್ತು!"

ಪುಟ ಪೂರ್ತಿ ತಿರುಗುವ ಮೊದಲೇ ಉತ್ತರ ಬಂದಿತ್ತು. ಬಣ್ಣದ ಚುಕ್ಕಿಗಳ ನಡುವೆ ಅಡಗಿರುವ ಅಂಕಿಯನ್ನು ಗುರುತಿಸುವ ಪರೀಕ್ಷೆ ಅದು. ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣದವರಿಗೆ ಆ ಅಂಕಿ ಸರಿಯಾಗಿ ಕಾಣಿಸುವುದಿಲ್ಲ.

"ಸ್ವಲ್ಪ ಪುಸ್ತಕಾನೂ ನೋಡಿ" ಎಂದಳು ಅವಳು. ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ತಪಾಸಣೆ ಮಾಡುವವಳು. ಎದುರಿಗೆ ಕೂತವನು ರೈಲು ಓಡಿಸುವ ತರಬೇತಿಗೆ ಸೇರಲು ಬಂದವನು.

"ನೋಡ್ತಾನೇ ಇದೀನಲ್ಲ..." ಎಂದ, ಅವಳ ಮುಖದಿಂದ ಕಣ್ಣು ಕೀಳದೆ.

ಅವಳ ಕಿವಿ ಬಿಸಿಯಾಯಿತು. ಮುಂದಿನ ಪುಟ, ಅದರ ಮುಂದಿನ ಪುಟ... ಎಲ್ಲಕ್ಕೂ ಪಟಪಟನೆ ಉತ್ತರ! ಪುಟಗಳನ್ನು ಪ್ರತಿ ಸಲ ಹಿಂದುಮುಂದು ಮಾಡಿ ತೋರಿಸಬೇಕೆಂಬ ನಿಯಮವಿತ್ತು. ಹೊರಗೆ ಮಾರುದ್ದದ ಸಾಲು, ಒಳಗೆ ಈ ನಗು. ನಿಯಮ ಮರೆತೇಹೋಯಿತು. 'ತೇರ್ಗಡೆ' ಎಂದು ಬರೆದು ಸಹಿ ಹಾಕಿಬಿಟ್ಟಳು.

ಆ ನಗು ಪ್ರೀತಿಯಾಯಿತು. ಆಮೇಲಿನ ಎಂಟು ತಿಂಗಳು ನಮ್ಮ ಹುಡುಗಿಯ ಕಾಲು ನೆಲದ ಮೇಲೆ ನಿಂತಿದ್ದರೆ ಕೇಳಿ!

ಒಂದು ಗುರುವಾರ ಬೆಳಿಗ್ಗೆ, ಆಸ್ಪತ್ರೆಯ ಬಾಗಿಲು ತೆರೆಯುವ ಹೊತ್ತಿಗೇ ಅವನು ಬಂದ. ಕೈಯಲ್ಲಿ ಕರವಸ್ತ್ರ ಹೊದಿಸಿದ ಏನೋ ಒಂದು.

"ಮೂರು ಸಂಜೆ ಕೂತು ನಾನೇ ಜೋಡಿಸಿದ್ದು. ನಕ್ಕರೆ ನೋಡು!"

ಪ್ಲಾಸ್ಟಿಕ್ ಬ್ಲಾಕ್ಸ್‌ನಿಂದ ಕಟ್ಟಿದ ಪುಟ್ಟ ಹೂಗಿಡ. ಅಂಗೈಯಗಲದ ಕುಂಡ, ಐದು ಹೂವು, ಅಂಚಿನಲ್ಲಿ ಉಗುರಿನಷ್ಟು ಹಳದಿ ಹಕ್ಕಿ. ಹಕ್ಕಿಯ ಕೊಕ್ಕು ಉರುಳಿಹೋಗಿ, ಅದನ್ನು ಹುಡುಕಲು ಮಂಚವನ್ನೇ ಎತ್ತಬೇಕಾಯಿತಂತೆ.

"ಸೋಮವಾರದಿಂದ ಎಂಜಿನ್‌ನಲ್ಲಿ ನಾನೊಬ್ಬನೇ! ಪಕ್ಕದಲ್ಲಿ ಕೂತು ಸಿಗ್ನಲ್ ಕೂಗಿ ಹೇಳೋ ಹಿರಿಯರು ಇರಲ್ಲ. ಆ ಖುಷಿಗೆ ಇದು" ಎಂದ.

ಅವಳು ಕನ್ನಡಕದ ಡಬ್ಬಿಗಳನ್ನು ಸರಿಸಿ, ಬಂದವರಿಗೆಲ್ಲ ಕಾಣುವಂತೆ ಗಿಡವನ್ನು ಕಿಟಕಿಯ ಕಟ್ಟೆ ಮೇಲಿಟ್ಟಳು. ಬೆಳಕು ಬಿದ್ದಾಗ ಗಮನಿಸಿದಳು. ಎರಡು ಹೂವಿನ ದಳಗಳು ಕಡುಹಸಿರು. ಕೆಳಗಿನ ಎಲೆಗಳಲ್ಲಿ ಅರ್ಧ ಕಡುಗೆಂಪು.

"ತುಂಟ! ಬೇಕಂತಲೇ ಹೀಗೆ ಮಾಡಿದೀಯಾ?"

"ಹೇಗೆ?"

ಅವಳು ತಲೆಯೆತ್ತಿ ನೋಡಿದಳು. ಅವನ ಮುಖದಲ್ಲಿ ತುಂಟತನವಿರಲಿಲ್ಲ. ಬಗ್ಗಿ ಗಿಡವನ್ನೇ ನೋಡುತ್ತಿದ್ದ, ತಪ್ಪೆಲ್ಲಿದೆ ಎಂದು ಹುಡುಕುತ್ತ.

ದಳಕ್ಕೂ ಎಲೆಗೂ ಒಂದೇ ಆಕಾರದ ಚೂರು. ಬಣ್ಣ ಮಾತ್ರ ಬೇರೆ.

'ಅಯ್ಯೋ ದೇವರೇ... ಇವನಿಗೆ ಕಾಣಲ್ಲ!'

"ಏನಿಲ್ಲ... ಚೆನ್ನಾಗಿದೆ" ಎಂದಳು.

ಅವನು ಹೋದ ತಕ್ಷಣ ಗಿಡವನ್ನು ಡ್ರಾಯರಿನೊಳಗೆ ಬಚ್ಚಿಟ್ಟಳು. ದೊಡ್ಡ ಡಾಕ್ಟರ ಕಣ್ಣಿಗೆ ಬಿದ್ದರೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಬಾಯಿ ಬಿಟ್ಟರೆ ಅವನ ಕನಸು ಮಣ್ಣುಪಾಲು, ತನ್ನ ಕೆಲಸಕ್ಕೂ ಕುತ್ತು. ಸುಮ್ಮನಿದ್ದರೆ? ತನ್ನ ತಂಗಿ ದಿನಾ ಎಂಟು ಗಂಟೆಯ ರೈಲಿಗೆ ಕೆಲಸಕ್ಕೆ ಹೋಗುತ್ತಾಳೆ. ಅವಳಂಥವರು ಎಷ್ಟು ಜನ! ಆ ದಿನವೆಲ್ಲ ಎಲ್ಲಿ ರೈಲಿನ ಸದ್ದು ಕೇಳಿದರೂ ಅವಳು ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು.

ಶುಕ್ರವಾರ ಸಂಜೆ ಅವನು ಬಂದು ಖಾಲಿ ಕಿಟಕಿ ಕಟ್ಟೆ ನೋಡಿದ.

"ಎಲ್ಲಿ ಅದು?"

"ಒಳಗಿಟ್ಟೆ..."

"ನಿನ್ನೆಯಿಂದ ಫೋನೂ ಎತ್ತಿಲ್ಲ. ನಿಮ್ಮಪ್ಪ ಬೇರೆ ಹುಡುಗನ್ನ ನೋಡಿದ್ರಾ? ನೇರವಾಗಿ ಹೇಳಿಬಿಡು!"

ಅವಳು ಚುಕ್ಕಿ ಪುಸ್ತಕ ತಂದು ಎಲ್ಲೋ ನಡುವಿನ ಪುಟ ತೆರೆದಳು.

"ಓದು."

"ಇಪ್ಪತ್ತ... ಅಲ್ಲ..." ಅವನು ಪುಟವನ್ನು ಬೆಳಕಿನತ್ತ ಓರೆ ಮಾಡಿದ. ಕೊನೆಗೆ ಪುಸ್ತಕ ಮುಚ್ಚಿದ. "ಚಿಕ್ಕಂದಿನಿಂದ್ಲೂ ಗೊತ್ತು. ನಂಗೆ ರೈಲು ಬಿಟ್ರೆ ಬೇರೇನೂ ಬೇಕಿರ್ಲಿಲ್ಲ. ಪುಟಾನೆಲ್ಲ ಸಾಲಾಗಿ ಬಾಯಿಪಾಠ ಮಾಡಿದ್ದೆ. ಸಿಗ್ನಲ್‌ನಲ್ಲಿ ದೀಪ ಇರೋ ಜಾಗ ನೋಡಿ ಹೇಳ್ತೀನಿ, ತೊಂದ್ರೆ ಆಗಲ್ಲ..."

"ಮಂಜಲ್ಲಿ? ಯಾರೋ ಹಳಿ ಪಕ್ಕ ನಿಂತು ಒಂದೇ ಒಂದು ದೀಪ ತೋರಿಸಿದ್ರೆ?"

ಅವನು ಪುಸ್ತಕವನ್ನು ಅವಳತ್ತ ತಳ್ಳಿದ.

"ನೀನು ಸುಮ್ನಿದ್ರೆ ಯಾರಿಗೂ ಗೊತ್ತಾಗಲ್ಲ ಕಣೇ..."

"ನಂಗೆ ಗೊತ್ತಾಗಿದೆಯಲ್ಲ! ನೀನೇ ಹೋಗಿ ಹೇಳು. ಇಲ್ಲಾಂದ್ರೆ ನಾಳೆ ನಾನೇ ಹೇಳ್ತೀನಿ."

"ಪ್ರೀತಿಸೋಳು ಹೀಗೆ ಮಾಡ್ತಾಳಾ?"

ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಅವಳು ಪುಸ್ತಕವನ್ನು ಅವಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಎಲ್ಲ ಮುಗಿಯಿತೆಂದೇ ಅನಿಸಿತು.

ಶನಿವಾರ ಬೆಳಿಗ್ಗೆ ಅವಳು ಆ ಗಿಡ ಹಿಡಿದು ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಮೇಜಿನ ಮೇಲೆ ಅದನ್ನಿಟ್ಟು, "ತಪ್ಪು ನಂದು ಸರ್. ರೈಲು ತರಬೇತಿಗೆ ಬಂದ ಹುಡುಗನಿಗೆ ಪುಟ ಹಿಂದುಮುಂದು ಮಾಡದೆ ತೋರಿಸಿದ್ದೆ" ಎಂದಳು.

ಡಾಕ್ಟರು ಗಿಡವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ರೈಲ್ವೆಯಿಂದ ಈಗ ತಾನೇ ಫೋನ್ ಬಂದಿತ್ತು. ಹುಡುಗ ನಿನ್ನೆ ಸಂಜೆ ತಾನಾಗಿಯೇ ಹೋಗಿ ಒಪ್ಪಿಕೊಂಡಿದ್ದಾನೆ. ನಿನ್ನ ತಪ್ಪೇನೂ ಇಲ್ಲ ಅಂತಾನೂ ಬರೆದುಕೊಟ್ಟಿದ್ದಾನೆ."

"ಇದೆ ಸರ್. ಇದೆ!"

"ಹಾಗಿದ್ರೆ ಬರೆದು ಕೊಡು. ಏನು ಮಾಡಬೇಕು ಅಂತ ವಿಚಾರಿಸಿ ಹೇಳ್ತೀನಿ. ಅಲ್ಲೀವರೆಗೆ ತಪಾಸಣೆ ಕೋಣೆಗೆ ಹೋಗ್ಬೇಡ." ದನಿ ಗಡುಸಾಗಿಯೇ ಇತ್ತು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಅವನು ಕೂತಿದ್ದ. ಕಣ್ಣು ಊದಿಕೊಂಡಿತ್ತು. ಅವಳು ಸ್ವಲ್ಪ ದೂರ ಬಿಟ್ಟು ಕೂತಳು.

"ಸ್ಟೇಷನ್‌ವರೆಗೂ ನಿನ್ನ ಬೈಕೊಂಡೇ ಹೋದೆ" ಎಂದ ಅವನು. "ಅಲ್ಲಿ ಜನ ರೈಲಿಂದ ಇಳೀತಿದ್ರು. ಒಬ್ಬಳು ಮಗೂನ ಎತ್ಕೊಂಡು ಇಳಿದ್ಲು... ಆ ಮಗು ಮುಖ ನೋಡೋಕಾಗ್ಲಿಲ್ಲ ಕಣೇ. ಅಲ್ಲಿಂದ ನೇರ ಆಫೀಸಿಗೆ ಹೋದೆ."

"ಈಗ?"

"ಓಡಿಸೋ ಕೆಲಸ ಹೋಯ್ತು. ಬ್ರೇಕ್ ರಿಪೇರಿಗೆ ಹಾಕಿದ್ರೂ ಹಾಕಬಹುದು. ಅದೂ ಗ್ಯಾರಂಟಿ ಇಲ್ಲ."

"ನಂದೂ ಗ್ಯಾರಂಟಿ ಇಲ್ಲ..."

"ಭಯ ಆಗ್ತಿದೆಯಾ?"

"ತುಂಬಾ."

"ನಂಗೂ." ಅವನು ಅವಳತ್ತ ಸರಿದು ಕೂತ. "ಇಂಥವನನ್ನ ಮದುವೆ ಆಗ್ತೀಯಾ?"

ಅವಳ ಕಣ್ಣು ತುಂಬಿ ಬಂತು. ಅವನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಆಗ್ತೀನಿ. ಆದ್ರೆ ಮನೆಗೆ ಬಣ್ಣ ನಾನೇ ಆರಿಸೋದು!"

ಅಳುತ್ತಲೇ ನಕ್ಕುಬಿಟ್ಟ ಅವನು. "ಆರಿಸು. ಯಾವುದು ಯಾವ ಬಣ್ಣ ಅಂತ ನಂಗೆ ಹೇಳ್ತಿರ್ತೀಯಾ?"

"ದಿನಾ ಹೇಳ್ತೀನಿ."